ಬೇಟೆಯ ಯಾವ ಪಾಲು ಮನೆಗೆ ಬರುತ್ತದೆ?

ಬಾಗಲಕೋಟೆ ಜಿಲ್ಲೆಯಲ್ಲಿ ನಾಯಿ ಸಾಕುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪಶುವೈದ್ಯನ ಬಳಿಗೆ ನಾಯಿ ಕೊಳ್ಳುವ ಮೊದಲು ಬರುವವರು ಕಡಿಮೆ, ಕೊಂಡ ಮೇಲೆ ಬರುವವರೇ ಹೆಚ್ಚು. ಮೊದಲೇ ಬರುವ ಆ ಕೆಲವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. ನಾಯಿಗೆ ಬೇಟೆಯ ಕಸುವು ಇರಬೇಕು, ಹೊಲದಲ್ಲಿ ಓಡಬೇಕು, ಮನೆಯೊಳಗೆ ಮಕ್ಕಳ ಜೊತೆಗೂ ಹೊಂದಿಕೊಂಡು ಬಾಳಬೇಕು. ಅಂಥ ತಳಿ ಯಾವುದು, ಹೇಳಿ ಎನ್ನುತ್ತಾರೆ. ಹೆಸರೊಂದನ್ನು ಹೇಳಿ ಕಳುಹಿಸಿಬಿಡುವುದು ಸುಲಭ. ಆದರೆ ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಬೇಟೆಯ ಯಾವ ಪಾಲು ಬೇಕು? ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಅದಕ್ಕೂ ಮೊದಲು ಕಾನೂನಿನ ಮಾತೊಂದನ್ನು ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೋವಿಯಿಂದ ಹೊಡೆದರೆ ಮಾತ್ರ ಬೇಟೆ ಎಂದು ತಿಳಿದವರು ಇನ್ನೂ ಇದ್ದಾರೆ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು, ಬಲೆಗೆ ಕೆಡಹುವುದು, ಹಿಡಿಯಲು ಯತ್ನಿಸುವುದು ಎಲ್ಲವೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಮೊಲದ ಹಿಂದೆ ನಾಯಿ ಬಿಟ್ಟು ನೋಡುವುದೂ ಅದರಲ್ಲಿ ಸೇರುತ್ತದೆ. ಮುಧೋಳದ ನಾಯಿಯ ಹೆಸರಿನಲ್ಲಿ ಈ ಕೆಲಸ ಇಂದಿಗೂ ಕದ್ದುಮುಚ್ಚಿ ನಡೆಯುವುದು ನನಗೆ ನಿಜವಾಗಿ ನೋವಿನ ಸಂಗತಿ. ಮೊಲಕ್ಕೂ ಕೇಡು, ನಾಯಿಗೂ ಕೇಡು, ಈ ತಳಿಯ ಹೆಸರಿಗೂ ಕೇಡು. ಹಾಗಾಗಿ ಇಲ್ಲಿ ಬೇಟೆ ಎಂದಾಗಲೆಲ್ಲ ನಾನು ಹೇಳುತ್ತಿರುವುದು ನಾಯಿಯ ಮೈಯಲ್ಲಿ ತಲೆತಲಾಂತರದಿಂದ ಉಳಿದುಬಂದ ಸ್ವಭಾವವನ್ನು. ಬೇಟೆಯನ್ನು ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಆ ಸ್ವಭಾವ ಮಾತ್ರ ನಿಲ್ಲುವುದಿಲ್ಲ, ನಾಯಿಯ ಜೊತೆಯಲ್ಲೇ ಹೊಸ್ತಿಲು ದಾಟಿ ಒಳಗೆ ಬರುತ್ತದೆ.

ತೋಳವೊಂದು ಬೇಟೆಯಾಡುವಾಗ ಏನೇನು ಮಾಡುತ್ತದೆ ನೋಡಿ. ಮೊದಲು ಹುಡುಕುತ್ತದೆ. ಕಂಡ ಮೇಲೆ ದಿಟ್ಟಿಸಿ ನೋಡುತ್ತ ಹೊಂಚುತ್ತದೆ. ಆಮೇಲೆ ಬೆನ್ನಟ್ಟುತ್ತದೆ, ಬಾಯಿ ಹಾಕಿ ಹಿಡಿಯುತ್ತದೆ, ಕೊಲ್ಲುತ್ತದೆ, ಹರಿದು ತಿನ್ನುತ್ತದೆ. ನಾವು ಬೇಟೆ ಎಂಬ ಒಂದೇ ಹೆಸರಿನಿಂದ ಕರೆಯುವುದು ಒಂದರ ಹಿಂದೊಂದು ಬರುವ ಇಷ್ಟೂ ಕೆಲಸಗಳ ಸಾಲನ್ನು. ಮನುಷ್ಯ ನಾಯಿಯ ತಳಿಗಳನ್ನು ರೂಪಿಸಿದಾಗ ಈ ಸಾಲನ್ನು ಬೇಕಾದಂತೆ ಕತ್ತರಿಸಿದ. ಒಂದು ತಳಿಯಲ್ಲಿ ಹುಡುಕಾಟವನ್ನು ಬೆಳೆಸಿ ಕೊಲ್ಲುವುದನ್ನು ಅಡಗಿಸಿದ, ಇನ್ನೊಂದರಲ್ಲಿ ಓಟವನ್ನು ತುತ್ತತುದಿಗೆ ಒಯ್ದ, ಮತ್ತೊಂದರಲ್ಲಿ ಹೊಂಚಿ ನಿಲ್ಲುವಲ್ಲಿಗೆ ಸಾಲನ್ನು ತಡೆದ. ಎಲ್ಲವನ್ನೂ ಬೇಟೆನಾಯಿ ಎಂದೇ ಕರೆಯುತ್ತೇವೆ. ಮನೆಯೊಳಗೆ ಬಂದಾಗ ಮಾತ್ರ ಅವು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ನಡೆದುಕೊಳ್ಳುತ್ತವೆ.

ಲ್ಯಾಬ್ರಡಾರ್ ನಾಯಿಯನ್ನೇ ತೆಗೆದುಕೊಳ್ಳಿ. ಇದರ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ತಣ್ಣೀರಿಗೆ ಇಳಿಯುತ್ತಿದ್ದ ನಾಯಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತರು ಅವನ್ನು ತರಿಸಿಕೊಂಡು, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಎತ್ತಿ ತರುವ ಕೆಲಸಕ್ಕೆ ಪಳಗಿಸಿದರು. ಈ ಕೆಲಸದಲ್ಲಿ ನಾಯಿ ಬೆನ್ನಟ್ಟಬೇಕಾಗಿಲ್ಲ, ಕೊಲ್ಲಬೇಕಾಗಿಯೂ ಇಲ್ಲ. ಸುಮ್ಮನೆ ಕಾಯಬೇಕು, ಹೇಳಿದಾಗ ಹೋಗಬೇಕು, ಹಲ್ಲಿನ ಗುರುತು ಮೂಡದಂತೆ ಬಾತನ್ನು ಬಾಯಲ್ಲಿ ಹಿಡಿದು ತಂದು ಯಜಮಾನನ ಕೈಗೆ ಒಪ್ಪಿಸಬೇಕು. ತಲೆಮಾರುಗಳ ಕಾಲ ಇದೇ ಗುಣವನ್ನು ನೋಡಿ ಮರಿ ಮಾಡಿಸಿದರು. ಲ್ಯಾಬ್ರಡಾರ್ ಮಕ್ಕಳ ಜೊತೆ ಹೊಂದಿಕೊಳ್ಳುವುದಕ್ಕೆ ಕಾರಣ ಇದೇ. ಮನುಷ್ಯನ ಕಡೆಗೆ ತಿರುಗಿ ಬರುವುದೇ ಅದರ ಬೇಟೆಯ ಪಾಲು. ಅಮೆರಿಕದ ಕೆನಲ್ ಕ್ಲಬ್ಬಿನ ನೋಂದಣಿಯಲ್ಲಿ ಈ ತಳಿ 1991ರಿಂದ 2021ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಬೇಟೆಗೂ ಮನೆಗೂ ಒಂದೇ ನಾಯಿ ಬೇಕೆನ್ನುವವರು ಅಲ್ಲಿ ಇದನ್ನೇ ಆರಿಸಿಕೊಳ್ಳುತ್ತ ಬಂದಿದ್ದಾರೆ.

ಆದರೆ ಅದೇ ನಾಯಿ ಬೆಂಗಳೂರಿನ ಮೂರನೆಯ ಮಹಡಿಯ ಮನೆಯೊಳಗೆ ದಿನವಿಡೀ ಬಿದ್ದುಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ತೂಕದ ಯಂತ್ರದ ಮೇಲೆ ನೋಡುತ್ತೇನೆ. 2016ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹದ್ದುಬಸ್ತಿನಲ್ಲಿಡುವ ಒಂದು ಜೀನ್‌ನ ತುಣುಕು ಕಳೆದುಹೋಗಿರುವುದನ್ನು ಪತ್ತೆಮಾಡಿದರು. ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಈ ಕೊರತೆಯಿದೆ. ಅಂಥ ನಾಯಿಗೆ ಹೊಟ್ಟೆ ತುಂಬಿತೆಂದು ಅನ್ನಿಸುವುದೇ ಕಷ್ಟ. ಮೈ ಬೆಳೆದಂತೆ ಸೊಂಟದ ಕೀಲು, ಮೊಣಕೈಯ ಕೀಲು ಸವೆಯುತ್ತವೆ. ಲ್ಯಾಬ್ರಡಾರ್ ಸಾಕುವವರು ಪ್ರೀತಿ ತೋರಿಸಲು ಬಿಸ್ಕತ್ತಿನ ಪೊಟ್ಟಣ ಬಿಚ್ಚಬೇಡಿ, ಚೆಂಡು ಎಸೆಯಿರಿ. ಎತ್ತಿ ತಂದುಕೊಡುವುದೇ ಅದಕ್ಕೆ ಹಬ್ಬ.

ಬೀಗಲ್ ನೋಡಲು ಪುಟ್ಟದು, ಮುದ್ದು ಮುಖದ್ದು. ಆದರೆ ಅದು ಗುಂಪಿನಲ್ಲಿ ಮೊಲದ ವಾಸನೆ ಹಿಡಿದು ಹೋಗಲೆಂದು ರೂಪುಗೊಂಡ ತಳಿ. ಹಿಂದೆ ಕಾಲ್ನಡಿಗೆಯಲ್ಲಿ ಬರುವ ಬೇಟೆಗಾರರಿಗೆ ತಾನೆಲ್ಲಿದ್ದೇನೆಂದು ತಿಳಿಸಲು ಗಂಟಲೆತ್ತಿ ಕೂಗುವುದು ಅದರ ಕೆಲಸದ ಒಂದು ಭಾಗವೇ ಆಗಿತ್ತು. ಮೂಗು ನೆಲಕ್ಕೆ ಹತ್ತಿತೆಂದರೆ ನಿಮ್ಮ ಕರೆ ಅದಕ್ಕೆ ಕೇಳಿಸುವುದಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಇದನ್ನು ಸಾಕಿ ನೆರೆಯವರ ದೂರು ಕೇಳಿ ಬೇಸತ್ತವರು ನಾಯಿಗೆ ಕೆಟ್ಟ ಚಾಳಿಯೆಂದು ನನ್ನ ಬಳಿ ಹೇಳುತ್ತಾರೆ. ನಾಯಿ ತನ್ನ ಕೆಲಸವನ್ನು ಮಾಡುತ್ತಿದೆ, ಅಷ್ಟೇ. ಟೆರಿಯರ್‌ಗಳ ವಿಷಯದಲ್ಲಿ ಒಂದೇ ಮಾತು ಸಾಕು: ಬಿಲದೊಳಗೆ ನುಗ್ಗಿ ಹಿಡಿದು ಕೊಲ್ಲುವ ಪಾಲು ಅವುಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಮೊಲ, ಗಿಳಿ, ಬಿಳಿ ಇಲಿ ಸಾಕಿದ ಮನೆಗೆ ಅವು ಬೇಡ.

ಒಂದೇ ನಾಯಿ ಎಲ್ಲ ಕೆಲಸಕ್ಕೂ ಒದಗಬೇಕು ಎಂಬ ಆಸೆಯನ್ನು ಶಿಸ್ತಿನಿಂದ ಬೆನ್ನುಹತ್ತಿದವರು ಜರ್ಮನರು. 1848ರ ಕ್ರಾಂತಿಯ ಬಳಿಕ ಅಲ್ಲಿ ಬೇಟೆಯ ಹಕ್ಕು ಅರಸುಮನೆತನಗಳ ಕೈಯಿಂದ ಜಾರಿ ಭೂಮಿಯ ಒಡೆಯರಿಗೂ ಸಿಕ್ಕಿತು. ಅರಸನಂತೆ ಹತ್ತಾರು ಬಗೆಯ ನಾಯಿಗಳನ್ನು, ಅವನ್ನು ನೋಡಿಕೊಳ್ಳುವ ಆಳುಗಳನ್ನು ಇಟ್ಟುಕೊಳ್ಳಲು ಸಾಮಾನ್ಯರಿಗೆ ಆಗುತ್ತದೆಯೇ? ಹಕ್ಕಿಯ ಸುಳಿವು ಹಿಡಿದು ಕಲ್ಲಿನಂತೆ ನಿಲ್ಲಬೇಕು, ನೀರಿಗಿಳಿದು ಬಾತನ್ನು ತರಬೇಕು, ಗಾಯಗೊಂಡ ಜಿಂಕೆಯ ರಕ್ತದ ಜಾಡು ಹಿಡಿಯಬೇಕು, ಸಂಜೆ ಮನೆಗೆ ಬಂದು ಒಲೆಯ ಪಕ್ಕ ಮಲಗಬೇಕು. ಇಷ್ಟನ್ನೂ ಒಂದೇ ನಾಯಿ ಮಾಡಬೇಕಾಯಿತು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಒರಟು ಕೂದಲಿನ ದ್ರಾಟ್‌ಹಾರ್, ವೈಮರಾನರ್ ತಳಿಗಳು ಈ ಅಗತ್ಯದೊಳಗೆ ಬೆಳೆದು ಬಂದವು. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಅವರ ಕಟ್ಟುಪಾಡು. ದ್ರಾಟ್‌ಹಾರ್ ನಾಯಿಯೊಂದು ಕೆಲಸದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅದರಿಂದ ಮರಿ ಪಡೆಯಲು ಅಲ್ಲಿನ ತಳಿ ಸಂಘ ಒಪ್ಪುವುದಿಲ್ಲ. ಚಂದ ನೋಡಿ ಮರಿ ಮಾಡಿಸುವ ಪದ್ಧತಿಗೆ ಇದು ತದ್ವಿರುದ್ಧ. ಹಾಗೆಂದು ಈ ತಳಿಗಳನ್ನು ನಮ್ಮ ನಗರಗಳಿಗೆ ತರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಹಲವು ಗಂಟೆ ಓಡಲೆಂದೇ ಹುಟ್ಟಿದ ನಾಯಿಗೆ ಕಟ್ಟಡದ ಸುತ್ತ ಎರಡು ಸುತ್ತು ನಡೆಸಿದರೆ ಸಾಲುವುದಿಲ್ಲ. ಕೆಲಸವಿಲ್ಲದ ಪಾಯಿಂಟರ್ ಸೋಫಾ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ.

ಇನ್ನು ನಮ್ಮ ಮುಧೋಳಕ್ಕೆ ಬರೋಣ. ನೀವೆಲ್ಲ ಕಾಯುತ್ತಿರುವುದು ಅದಕ್ಕೇ ಎಂದು ಗೊತ್ತು.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಗೆ ಆಶ್ರಯ ಕೊಟ್ಟು ಉಳಿಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ರಾಂಪುರ, ರಾಜಪಾಳಯಂ ಮತ್ತು ಹಿಮಾಲಯದ ಕುರಿನಾಯಿಯ ಜೊತೆಗೆ ಮುಧೋಳವೂ ಇತ್ತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸೈನ್ಯವೂ ಈ ನಾಯಿಯನ್ನು ತರಬೇತಿಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಹೆಸರೆತ್ತಿದ ಮೇಲಂತೂ ದೂರದೂರುಗಳಿಂದ ಮರಿ ಕೇಳುವವರು ಹೆಚ್ಚಿದರು. ಕೀರ್ತಿ ಬಂದದ್ದು ಸಂತೋಷವೇ. ಕೀರ್ತಿಯ ಬೆನ್ನಿಗೇ, ಇದು ಎಂಥ ನಾಯಿ ಎಂದು ಅರಿಯದೆ ಕೊಂಡುಹೋಗುವವರೂ ಬಂದರು. ನನ್ನ ಕಳವಳ ಇರುವುದು ಅಲ್ಲಿ.

ಮುಧೋಳ ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಉದ್ದನೆಯ ಕಿರಿದಾದ ತಲೆ, ಪಕ್ಕಕ್ಕೆ ಸರಿದ ಕಣ್ಣುಗಳು; ತಲೆ ತಿರುಗಿಸದೆಯೇ ನಮಗಿಂತ ಬಹಳ ಹೆಚ್ಚು ಅಗಲದ ಬಯಲು ಅದಕ್ಕೆ ಕಾಣುತ್ತದೆ. ಎದೆ ಆಳ, ಹೊಟ್ಟೆ ಒಳಕ್ಕೆ ಸೆಳೆದುಕೊಂಡದ್ದು, ತೊಡೆಯಲ್ಲಿ ಮಾಂಸಖಂಡ, ಮೈಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ನಾಲ್ಕು ಕಾಲುಗಳು ಎರಡು ಬಾರಿ ನೆಲ ಬಿಟ್ಟು ಗಾಳಿಯಲ್ಲಿರುತ್ತವೆ: ಒಮ್ಮೆ ಮೈ ಪೂರ್ತಿ ಚಾಚಿದಾಗ, ಇನ್ನೊಮ್ಮೆ ಬೆನ್ನು ಬಿಲ್ಲಾಗಿ ಬಾಗಿದಾಗ. ಬಯಲುಸೀಮೆಯ ತೆರೆದ ಎರೆ ಹೊಲಗಳಿಗೆ ಹೇಳಿ ಮಾಡಿಸಿದ ಮೈಕಟ್ಟು ಇದು. ನೀರಾವರಿ ಬಂದು ಎಲ್ಲೆಡೆ ಕಬ್ಬು ಎದ್ದು ನಿಂತಿರುವ ಕಡೆ ಈ ಕಣ್ಣಿಗೂ ಈ ಕಾಲಿಗೂ ಜಾಗವೇ ಇಲ್ಲದಂತಾಗಿದೆ.

ಮೂರು ನಾಲ್ಕು ತಿಂಗಳ ಮರಿಯನ್ನು ಅಂಗಳದಲ್ಲಿ ಗಮನಿಸಿ. ಕಾಲು ಚಾಚಿ ಮಲಗಿರುತ್ತದೆ. ಮನೆಯಾಕೆ ಹೆಸರು ಹಿಡಿದು ಕರೆದರೂ ಕಿವಿಯ ತುದಿ ಮಾತ್ರ ಅಲುಗುತ್ತದೆ. ಆಗ ರಸ್ತೆಯಾಚೆಯ ಹೊಲದಲ್ಲಿ ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಹೊರಳುತ್ತದೆ. ಮರಿ ಎದ್ದದ್ದು ನಿಮಗೆ ಕಾಣುವುದೇ ಇಲ್ಲ, ಎದ್ದು ನಿಂತಿರುತ್ತದೆ. ಕತ್ತು ಮುಂದಕ್ಕೆ, ಹಣೆಯಲ್ಲಿ ಸಣ್ಣ ಗೆರೆ, ಬಾಲ ತಗ್ಗಿ ಅಲುಗಾಡದೆ ನಿಂತಿರುತ್ತದೆ, ಒಂದು ಮುಂಗಾಲು ನೆಲದಿಂದ ಸ್ವಲ್ಪ ಮೇಲೆದ್ದಿರುತ್ತದೆ. ಚೀಲ ಇನ್ನೊಮ್ಮೆ ಹೊರಳಿದರೆ ಸಾಕು, ಮರಿ ಅಲ್ಲಿರುವುದಿಲ್ಲ. ಇದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮುಂದೆ ಆ ಚೀಲದ ಜಾಗದಲ್ಲಿ ಬೆಕ್ಕು ಬರಬಹುದು, ಕೋಳಿ ಬರಬಹುದು, ಸೈಕಲ್ ಹೊಡೆಯುವ ಮಗು ಬರಬಹುದು, ನಡುವೆ ಹೆದ್ದಾರಿಯೂ ಬರಬಹುದು. ಬೆನ್ನಟ್ಟಲು ಹೊರಟ ಮುಧೋಳವನ್ನು ಕೂಗಿ ಹಿಂದಕ್ಕೆ ಕರೆಯುತ್ತೇನೆ ಎಂದುಕೊಳ್ಳಬೇಡಿ. ಸುತ್ತುಬೇಲಿಯಿಲ್ಲದ ಕಡೆ ಹಗ್ಗ ಕೈಯಲ್ಲೇ ಇರಲಿ.

ಇಷ್ಟು ಹೇಳಿದ ಮೇಲೂ ಮುಧೋಳ ಮನೆಗೆ ಒಳ್ಳೆಯ ನಾಯಿ ಎಂದೇ ನಾನು ನಂಬಿದ್ದೇನೆ. ಓಟ ಮುಗಿದ ಮೇಲೆ ಅದರಷ್ಟು ಶಾಂತವಾಗಿ ಬಿದ್ದುಕೊಳ್ಳುವ ನಾಯಿ ಇನ್ನೊಂದಿಲ್ಲ. ಬೊಗಳುವುದು ಕಡಿಮೆ. ಕೂದಲು ಗಿಡ್ಡ, ಸ್ನಾನದ ರಗಳೆಯಿಲ್ಲ. ನಮ್ಮ ಬಿಸಿಲಿಗೆ ಹೊಂದಿಕೊಂಡ ಮೈ. ಮನೆಯವರಲ್ಲಿ ಒಬ್ಬಿಬ್ಬರನ್ನು ಗಾಢವಾಗಿ ಹಚ್ಚಿಕೊಳ್ಳುತ್ತದೆ, ಹೊರಗಿನವರಿಂದ ದೂರ ನಿಲ್ಲುತ್ತದೆ. ಇದನ್ನು ಸೊಕ್ಕು ಎನ್ನುವವರಿದ್ದಾರೆ. ನನಗದು ಘನತೆಯಾಗಿ ಕಾಣುತ್ತದೆ. ಆದರೆ ಗದರಿಸಿ, ಹೊಡೆದು ಪಳಗಿಸುವವರಿಗೆ ಇದು ಒಲಿಯುವುದಿಲ್ಲ. ಒಂದು ಏಟು ತಿಂದ ಲ್ಯಾಬ್ರಡಾರ್ ಅರ್ಧ ಗಂಟೆಯಲ್ಲಿ ಬಾಲ ಅಲ್ಲಾಡಿಸುತ್ತ ಬರುತ್ತದೆ, ಮುಧೋಳ ನೆನಪಿಟ್ಟುಕೊಳ್ಳುತ್ತದೆ. ಸದಾ ಸರಪಳಿಯಲ್ಲಿ ಕಟ್ಟಿಹಾಕಿದ ಮುಧೋಳ ಅಂಜುಬುರುಕ ಆಗುತ್ತದೆ, ಅಂಜಿದ ನಾಯಿ ಕಚ್ಚುತ್ತದೆ. ಈ ಮಾತನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ, ಏಕೆಂದರೆ ನನ್ನ ಬಳಿ ಬರುವ ಕಚ್ಚಿದ ಪ್ರಕರಣಗಳ ಹಿಂದೆ ಬಹುತೇಕ ಒಂದು ಸರಪಳಿ ಇರುತ್ತದೆ.

ಬೇಟೆನಾಯಿ ಮತ್ತು ಮನುಷ್ಯನ ನಡುವಿನ ಅಕ್ಕರೆಗೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಮೆಚ್ಚಿ, ಬೇಕಾದದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೇರ ಅದಕ್ಕಾಗಿ ಕಲ್ಲು ನಿಲ್ಲಿಸಿದ, ಪೂಜೆ ನಡೆಯಲೆಂದು ಭೂಮಿ ಬಿಟ್ಟ, ಪೂಜೆ ಮಾಡದೆ ಉಂಡವನಿಗೆ ಪಾಪ ತಗಲುತ್ತದೆ ಎಂದು ಬರೆಯಿಸಿದ. ಹಂದಿಯ ಮೇಲೆರಗಿದ ಕಾಳಿಯ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರನ್ನೂ ಹೊನ್ನನ್ನೂ ಕೇಳಬಹುದಾಗಿದ್ದ ವೀರ ನಾಯಿಯನ್ನು ಕೇಳಿದ. ಬೇಟೆಯ ನಾಯಿ ಮತ್ತು ಮನೆಯ ನಾಯಿ ಬೇರೆ ಬೇರೆ ಎಂದು ಅವನು ಎಣಿಸಿರಲಿಲ್ಲ.

ತಳಿ ಆರಿಸುವುದರಿಂದ ಕೆಲಸ ಅರ್ಧವೂ ಮುಗಿಯುವುದಿಲ್ಲ, ಮರಿ ಆರಿಸಬೇಕು. 2022ರಲ್ಲಿ ಅಮೆರಿಕದ ಸಂಶೋಧಕರು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಯಜಮಾನರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನು ಓದಿ ನೋಡಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾಗುವುದು ಸುಮಾರು ಶೇ. 9 ಮಾತ್ರ ಎಂದು ಕಂಡುಬಂತು. ಹೇಳಿದ ಮಾತು ಕೇಳುವ ಗುಣದಂಥ ಕೆಲವು ವಿಷಯಗಳಲ್ಲಿ ತಳಿಯ ಪ್ರಭಾವ ಹೆಚ್ಚು, ಸಿಟ್ಟಿನ ವಿಷಯದಲ್ಲಿ ಬಹಳ ಕಡಿಮೆ. ಹಾಗಾಗಿ ತಳಿಯ ಹೆಸರು ನಿಮಗೆ ದಿಕ್ಕು ತೋರಿಸುತ್ತದೆ, ಭರವಸೆ ಕೊಡುವುದಿಲ್ಲ.

ಮರಿ ನೋಡಲು ಹೋದಾಗ ಮೊದಲು ತಾಯಿಯನ್ನು ತೋರಿಸಿ ಎನ್ನಿ. ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ತಾಯಿ ಮೊದಲು ಬೊಗಳಿದರೂ ಯಜಮಾನ ಬಂದ ಮೇಲೆ ಸುಮ್ಮನಾಗುತ್ತದೆಯೇ, ಇಲ್ಲ ಗೋಡೆಗೆ ಅಂಟಿಕೊಂಡು ನಡುಗುತ್ತದೆಯೇ ಎಂದು ನೋಡಿ. ಅಂಜಿಕೆ ತಾಯಿಯಿಂದ ಮರಿಗೆ ರಕ್ತದಲ್ಲೂ ಬರುತ್ತದೆ, ನೋಡಿ ಕಲಿತೂ ಬರುತ್ತದೆ. ಮರಿಗಳ ನಡುವೆ ಕುಳಿತು ಬೀಗದ ಗೊಂಚಲನ್ನು ಪಕ್ಕಕ್ಕೆ ಎಸೆಯಿರಿ. ಸದ್ದಿಗೆ ಬೆಚ್ಚಿ ಹಿಂದೆ ಸರಿದು, ಮತ್ತೆ ಮೂಸಿ ನೋಡಲು ಬರುವ ಮರಿ ಮನೆಗೆ ಒಳ್ಳೆಯದು. ಬೆಚ್ಚಿ ಮೂಲೆ ಸೇರಿ ಬಾರದೇ ಉಳಿಯುವ ಮರಿಗೆ ಅನುಭವಸ್ಥರ ಕೈ ಬೇಕು. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಾಲ್ಕೈದು ವಾರಕ್ಕೇ ಮರಿ ಕಿತ್ತು ಕೊಡುವವರು ಈಗಲೂ ಇದ್ದಾರೆ, ಅಂಥವರಿಂದ ಕೊಳ್ಳಬೇಡಿ. ಬಾಯಿಯ ಬಲವನ್ನು ಎಷ್ಟು ಹಾಕಬೇಕೆಂದು ಮರಿ ಕಲಿಯುವುದು ಆ ವಾರಗಳಲ್ಲೇ, ಒಡಹುಟ್ಟುಗಳ ಜೊತೆ ಕಚ್ಚಾಡುತ್ತ. ಮಕ್ಕಳಿರುವ ಮನೆಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೇನಿದೆ?

ಇನ್ನು ಕೆಲವು ಪ್ರಶ್ನೆಗಳು.

ಕೋಳಿ ಸಾಕಿದ್ದೇವೆ, ಮುಧೋಳ ತರಬಹುದೇ ಎಂದು ಒಬ್ಬ ತಾಯಿ ಕೇಳಿದರು. ಎಂಟು ಹತ್ತು ವಾರದ ಮರಿಯಾಗಿ ತಂದು, ಹಗ್ಗ ಹಿಡಿದುಕೊಂಡೇ ಕೋಳಿಗಳ ನಡುವೆ ಕೂರಿಸಿ, ಸುಮ್ಮನೆ ಕುಳಿತಾಗಲೆಲ್ಲ ತಿನ್ನಲು ಕೊಡುತ್ತ ಬಂದರೆ ನಿಮ್ಮ ಮನೆಯ ಕೋಳಿಗಳನ್ನು ಅದು ಒಪ್ಪಿಕೊಳ್ಳಬಹುದು. ಪಕ್ಕದ ಮನೆಯ ಕೋಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ನಿಮ್ಮದೇ ಕೋಳಿಯಾದರೂ ರೆಕ್ಕೆ ಬಡಿದು ಓಡಿದ ಕ್ಷಣ ಹಳೆಯ ಸ್ವಭಾವ ಎಚ್ಚರಗೊಳ್ಳುತ್ತದೆ. ಯಾರೂ ಇಲ್ಲದಾಗ ಎರಡರ ನಡುವೆ ಜಾಲರಿ ಇರಲಿ.

ಅಮೆರಿಕದಲ್ಲಿರುವ ಮಗ ಗೆಳೆಯರೊಡನೆ ಬಾತುಬೇಟೆಗೆ ಹೋಗುತ್ತಾನೆ, ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ, ಯಾವ ನಾಯಿ ಎಂದು ಇನ್ನೊಬ್ಬರು ಕೇಳಿದರು. ಅಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್. ಆದರೆ ಎರಡರಲ್ಲೂ ಪ್ರದರ್ಶನದ ವಂಶ ಬೇರೆ, ಕೆಲಸದ ವಂಶ ಬೇರೆ. ಕೆಲಸದ ವಂಶದ್ದು ತೆಳುಮೈಯದು, ಚುರುಕು, ದಣಿವರಿಯದ್ದು. ವರ್ಷದಲ್ಲಿ ಕೆಲವೇ ದಿನ ಬೇಟೆಗೆ ಹೋಗಿ, ಉಳಿದೆಲ್ಲ ದಿನ ಮನೆಯಲ್ಲಿರುವ ಕುಟುಂಬವಾದರೆ ಹೆತ್ತವೆರಡೂ ಬೇಟೆಯಲ್ಲಿ ದುಡಿದಿದ್ದರೂ ಮನೆಯೊಳಗೆ ಶಾಂತವಾಗಿರುವ ಜೋಡಿಯ ಮರಿಯನ್ನು ಹುಡುಕಲಿ. ಸೊಂಟ, ಮೊಣಕೈಗಳ ಎಕ್ಸ್‌ರೇ ವರದಿ ನೋಡದೆ ಹಣ ಕೊಡದಿರಲಿ. ಎರಡು ವರ್ಷದ ಮಗುವನ್ನು ಯಾವ ತಳಿಯ ನಾಯಿಯ ಜೊತೆಗೂ ಒಂಟಿಯಾಗಿ ಬಿಡದಿರಲಿ.

ಕೊನೆಯ ಪ್ರಶ್ನೆ ಮುಧೋಳ ಸಾಕಿದ ಯುವಕನೊಬ್ಬನದು: ಬೇಟೆ ಬೇಡ ಎನ್ನುತ್ತೀರಿ, ಹಾಗಾದರೆ ಆ ಓಟವನ್ನು ಏನು ಮಾಡಲಿ? ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಒಂದು ಉದ್ದನೆಯ ಬಿದಿರುಕೋಲಿನ ತುದಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಳೆಯ ಬಟ್ಟೆಯ ತುಂಡು ಕಟ್ಟಿ. ಬೇಲಿಯೊಳಗಿನ ಬಯಲಿನಲ್ಲಿ ಅದನ್ನು ನೆಲಕ್ಕೆ ತಾಗಿಸಿ ಸುತ್ತ ತಿರುಗಿಸಿ. ಬೆಳಿಗ್ಗೆ ಬಿಸಿಲೇರುವ ಮೊದಲು ಐದು ನಿಮಿಷ, ಸಂಜೆ ಐದು ನಿಮಿಷ. ಕೊನೆಯಲ್ಲಿ ಬಟ್ಟೆಯನ್ನು ಹಿಡಿಯಲು ಬಿಡಿ; ಒಮ್ಮೆಯೂ ಹಿಡಿಯಲಾಗದಿದ್ದರೆ ನಾಯಿಗೆ ನಿರಾಶೆಯಾಗುತ್ತದೆ. ಒಂದು ವರ್ಷ ತುಂಬುವ ತನಕ ಗಟ್ಟಿ ತಿರುವುಗಳನ್ನು ಕೊಡಬೇಡಿ, ಎಲುಬು ಇನ್ನೂ ಬಲಿಯುತ್ತಿರುತ್ತದೆ. ಹೊಟ್ಟೆ ತುಂಬ ಉಣ್ಣಿಸಿ ಓಡಿಸಬೇಡಿ. ಆಳವಾದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವ ಅಪಾಯವಿದೆ. ಬೇಲಿ ಆರು ಅಡಿಗಿಂತ ಕಡಿಮೆ ಬೇಡ, ಮುಳ್ಳುತಂತಿಯಂತೂ ಬೇಡವೇ ಬೇಡ. ಈ ನಾಯಿಯ ಚರ್ಮ ಎಷ್ಟು ತೆಳುವೆಂದರೆ ವೇಗದಲ್ಲಿ ತಂತಿಗೆ ತಾಗಿದ ಪಕ್ಕೆ ಗೇಣುದ್ದ ಬಿರಿದು ನನ್ನ ಮೇಜಿನ ಮೇಲೆ ಬರುತ್ತದೆ. ಹಾಗೆ ಹೊಲಿಗೆಗೆ ತಂದಾಗ ಇದು ಮುಧೋಳ ಎಂದು ವೈದ್ಯರಿಗೆ ಮೊದಲೇ ಹೇಳಿ. ಗ್ರೇಹೌಂಡ್‌ನಂಥ ತೆಳುಮೈಯ ಓಟದ ನಾಯಿಗಳ ಮೈಯಿಂದ ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲ. ಮುಧೋಳಕ್ಕೂ ಅದೇ ಎಚ್ಚರ ಬೇಕು, ಮದ್ದಿನ ಆಯ್ಕೆಯನ್ನು ವೈದ್ಯರು ಅದಕ್ಕೆ ತಕ್ಕಂತೆ ಮಾಡುತ್ತಾರೆ.